ಉಪ್ಪುಕಾಲುವೆ ಬೀದಿಯ ಹದಿನೇಳನೇ ನಂಬರಿನ ಕಿಟಕಿಯ ವಿಚಾರ

ಪುರಾತನ ಕಟ್ಟಡಗಳ ರಕ್ಷಣಾ ಸಮಿತಿಯ ಕಾರ್ಯದರ್ಶಿಗಳೂ, ನಮ್ಮೂರಿನ ಸಮಸ್ತ ಬಾಗಿಲು, ಕಿಟಕಿ, ತೊಲೆ, ಮೊಳೆಗಳ ಪಾಲಿನ ತಂದೆತಾಯಿಯೂ ಆದ ಶ್ರೀ ಎವರ್ಟ್ ತೆರ್ ಹೋರ್ಸ್ಟ್ ಅವರ ಸನ್ನಿಧಿಗೆ,

ಮಾನ್ಯರೇ,

ಮೇಲ್ಕಂಡ ಮನೆಯ ಮಾಲೀಕನಾದ ಸೀಬ್ರೆನ್ ಹೂಕ್ಸ್ತ್ರಾ ಎಂಬ ನಾನು, ತಮ್ಮ ಪಾದಗಳ ಕ್ಷೇಮವನ್ನು, ಅದರಲ್ಲೂ ಬಲಪಾದದ ಕ್ಷೇಮವನ್ನು ವಿಶೇಷವಾಗಿ ವಿಚಾರಿಸುತ್ತಾ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಮಂಗಳವಾರ ತಮ್ಮ ನೋಟೀಸು ಕೈಸೇರಿತು. ನಮ್ಮ ಮಲಗುವ ಕೋಣೆಯ ಬೀದಿಬದಿಯ ಕಿಟಕಿಯನ್ನು ಅನುಮತಿಯಿಲ್ಲದೆ ತೆರೆಯಲಾಗಿದೆಯೆಂದೂ, ಹದಿನಾಲ್ಕು ದಿನಗಳೊಳಗೆ ಅದನ್ನು ಮೊದಲಿದ್ದಂತೆ ಭದ್ರವಾಗಿ ಮುಚ್ಚತಕ್ಕದ್ದೆಂದೂ ಅಪ್ಪಣೆಯಾಗಿದೆ. ಓದಿ ಧನ್ಯನಾದೆ.

ಈ ಮನೆ ನಮ್ಮದಾದ ಬಗೆಯನ್ನು ತಾವು ತಿಳಿದಿರುವುದು ಒಳ್ಳೆಯದು. ‘ಚಾರಿತ್ರಿಕ ಮನೆ, ಗೆಲುವಾದ ಬೀದಿ’ ಎಂದು ದಲ್ಲಾಳಿ ಸಾರಿದ್ದ. ಚರಿತ್ರೆ ಮನೆಯೊಳಗಿತ್ತು, ಗೆಲುವು ಕೆಳಗಿನ ಪಬ್ಬಿನವರು ಬೀದಿಯಲ್ಲಿ ಹಾಕಿದ ಮೇಜುಗಳಿಂದ ಮೇಲೇರಿ ಬರುತ್ತಿತ್ತು. ಕೊಳ್ಳಲು ಬಂದವರು ಇಪ್ಪತ್ತಮೂರು ಮಂದಿ. ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವಂತೆ ನಾನೂ ಮನೆಯೊಡತಿಗೆ ಒಂದು ಪ್ರೇಮಪತ್ರದಂಥ ಪತ್ರ ಬರೆದೆ. ನನ್ನ ಹೆಂಡತಿ ಯೋರಿಂದೆ, ಅವಳ ತಾಯಿ, ಅವಳ ಅಜ್ಜಿ, ಮೂವರೂ ಎರಡು ಬೀದಿಯಾಚೆ, ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ ಹುಟ್ಟಿದವರು, ನಮ್ಮ ಮಗು ನಿಮ್ಮ ಕಾಲುವೆ ಬೀದಿಯ ಕಡೆಯ ಕೋಣೆಯಲ್ಲಿ ಹುಟ್ಟಲಿ ಎಂಬುದೊಂದೇ ನಮ್ಮಾಸೆ ಎಂದು ಬರೆದಿದ್ದೆ. ಆ ಮುದುಕಿ ಕಣ್ಣೊರೆಸಿಕೊಂಡು ನಮಗೇ ಮನೆ ಕೊಟ್ಟರು. ಪತ್ರ ಬರೆದು ಮನೆ ಸಿಕ್ಕಿದ ಮೇಲೆ ಪತ್ರ ಬರೆದು ಒಂದು ಕಿಟಕಿ ತೆರೆಸಲಾರೆನೇ ಎಂದು ಬೀಗಿದ್ದು ನನ್ನದೇ ತಪ್ಪು.

ಯೋರಿಂದೆಯ ಬಸಿರಿನ ಎಂಟನೇ ತಿಂಗಳಲ್ಲಿ ಸೂಲಗಿತ್ತಿ ಬೌಕ್ಯೆ ಮನೆ ನೋಡಲು ಬಂದರು. ಮಂಚದ ಕಾಲಿಗೆ ದಿಮ್ಮಿ ಕೊಟ್ಟು ಎತ್ತರಿಸಲು ಹೇಳಿ, ನಮ್ಮ ಮೆಟ್ಟಿಲನ್ನೊಮ್ಮೆ ಬಗ್ಗಿ ನೋಡಿ, “ಇದೇನಪ್ಪಾ, ಮೆಟ್ಲೋ ಏಣಿಯೋ? ಹೆಚ್ಚುಕಡಿಮೆ ಆದ್ರೆ ಸ್ಟ್ರೆಚರ್ ಇಲ್ಲಿ ಇಳಿಯಲ್ಲ. ಫೈರಿನವ್ರು ಕಿಟಕೀಲೇ ಇಳಿಸ್ಬೇಕು. ಆ ಕಿಟಕಿ ತೆಗ್ಸು, ಇಲ್ಲಾಂದ್ರೆ ನಾನಿಲ್ಲಿ ಹೆರಿಗೆ ಮಾಡ್ಸಲ್ಲ” ಎಂದರು. ಮಂಚವನ್ನೇನೋ ಬಿಡಿಬಿಡಿಯಾಗಿ ಬಿಚ್ಚಿ ಆ ಮೆಟ್ಟಿಲಲ್ಲಿ ಸಾಗಿಸಿದ್ದೆವು. ಯೋರಿಂದೆಯನ್ನು ಹಾಗೆ ಬಿಚ್ಚುವಂತಿರಲಿಲ್ಲ.

ಕಿಟಕಿಯೋ ಹಳೆಯ ಮಾಲೀಕರ ಏಳು ಸುತ್ತಿನ ಬಣ್ಣದಲ್ಲಿ ಚೌಕಟ್ಟಿಗೆ ಅಂಟಿ ಹೋಗಿತ್ತು. ಆ ಬಣ್ಣವನ್ನು ಸೀಳಲು ಅರ್ಜಿ ಹಾಕಿದೆ. ಉತ್ತರಕ್ಕೆ ಎಂಟು ವಾರ ಬೇಕೆಂದು ತಿಳಿಸಿದ ತಾವು, ಆಮೇಲೆ ಅದಕ್ಕೆ ಇನ್ನಾರು ವಾರ ಸೇರಿಸುವ ಔದಾರ್ಯ ತೋರಿದಿರಿ. ಹೆರಿಗೆಗೆ ಐದೇ ವಾರವಿದೆ ಎಂದು ಬಿನ್ನವಿಸಿಕೊಂಡರೆ, ಮಂಚದ ದಿಮ್ಮಿಗಳಿಂದ ನೆಲದ ಹಲಗೆಗೆ ಗೀರು ಬೀಳುವುದೇ ಎಂದು ಮರುಪ್ರಶ್ನೆ ಕೇಳಿದಿರಿ. ಮುನ್ನೂರು ವರ್ಷದ ಹಲಗೆಯ ಮೇಲೆ ತಮಗಿರುವ ಈ ಮಮತೆ ಕಂಡು, ನಾವೂ ಹಲಗೆಗಳಾಗಿ ಹುಟ್ಟಬಾರದಿತ್ತೇ ಎಂದು ಗಂಡಹೆಂಡಿರು ಹಲುಬಿದೆವು.

ಕೊನೆಗೊಂದು ಗುರುವಾರ ಮಧ್ಯಾಹ್ನ ಖುದ್ದಾಗಿ ದಯಮಾಡಿಸಿದಿರಿ. ಯೋರಿಂದೆ ತುಂಬಿದ ಹೊಟ್ಟೆ ಹೊತ್ತು ಕಾಫಿ ಕೊಟ್ಟಳು, ಈ ಊರಿನ ವಾಡಿಕೆಯಂತೆ ಒಂದೇ ಒಂದು ಬಿಸ್ಕತ್ತು ಕೊಟ್ಟಳು, ಡಬ್ಬಿ ಮುಚ್ಚಿದಳು. ಕಿಟಕಿಯನ್ನು ಅಳೆದ ತಾವು ಅಟ್ಟದ ತೊಲೆಗಳನ್ನೂ ನೋಡಬೇಕೆಂದು ಮೇಲೆ ಹತ್ತಿದಿರಿ. ಇಂಥ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕೆಂದು ಈ ಊರಿನ ಮಕ್ಕಳಿಗೂ ಗೊತ್ತು. ತಾವು ಮಾತ್ರ ಹಳೆಯ ಮರ ಸವೆಯಬಾರದೆಂದು ಬೂಟು ಬಿಚ್ಚಿ ಅಟ್ಟದಲ್ಲಿಟ್ಟು, ಉಣ್ಣೆಯ ಕಾಲುಚೀಲದಲ್ಲಿ, ಮುಮ್ಮುಖವಾಗಿ, ಕೆತ್ತನೆಯನ್ನು ಹೊಗಳುತ್ತಾ ಇಳಿದಿರಿ. ಮೊದಲ ಮೂರು ಮೆಟ್ಟಿಲು ಇಳಿದಿರಿ. ಉಳಿದವನ್ನು ಇಳಿದಿರೆಂದು ಹೇಳಲಾಗದು.

ನಮ್ಮ ಕೋಣೆಯ ಬಾಗಿಲಲ್ಲಿ ಬಂದು ಬಿದ್ದ ತಮ್ಮನ್ನು ಕರೆದೊಯ್ಯಲು ಅಗ್ನಿಶಾಮಕದವರು ಬಂದರು. ಅವರ ಮುಖ್ಯಸ್ಥ, ಪಾಪ, ನಿಯಮ ಬಲ್ಲವನು, “ಈ ಕಿಟಕಿ ಮುಟ್ಟೋಕೆ ಸಮಿತಿ ಪರ್ಮಿಶನ್ ಬೇಕಂತಲ್ಲ ಸಾರ್?” ಎಂದ. ಆಗ ತಾವು ಕೊಟ್ಟ ಅಪ್ಪಣೆಯನ್ನು ಕೆಳಗೆ ಬಿಯರ್ ಕುಡಿಯುತ್ತಿದ್ದ ಮೂವತ್ತು ಜನ ಕೇಳಿಸಿಕೊಂಡಿದ್ದಾರೆ: “ನಾನೇ ಸಮಿತಿ ಕಣಯ್ಯಾ, ಮೀಟು! ಕಿಟಕಿ ಹಾಳಾಗ್ಹೋಗ್ಲಿ, ನನ್ ಕಾಲು ನೋಡು!” ಹದಿನಾಲ್ಕು ವಾರದ ಕೆಲಸ ಒಂದು ಹಾರೆಯಿಂದ ಅರ್ಧ ನಿಮಿಷದಲ್ಲಿ ಮುಗಿಯಿತು. ತಾವು ಅವರ ಏಣಿಯ ತುದಿಗಿದ್ದ ತೊಟ್ಟಿಲಲ್ಲಿ ಕೂತು ಕೆಳಗಿಳಿಯುವಾಗ ಪಬ್ಬಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಐದೇ ದಿನಗಳಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡೇ ಆ ನೋಟೀಸಿಗೆ ಸಹಿ ಹಾಕಿರಬೇಕು. ತಮ್ಮ ಕರ್ತವ್ಯನಿಷ್ಠೆಗೆ ತಲೆಬಾಗಿದ್ದೇನೆ.

ಮೊನ್ನೆ ಶನಿವಾರ ಬೆಳಿಗ್ಗೆ ಅದೇ ಕೋಣೆಯಲ್ಲಿ ಯೋರಿಂದೆಗೆ ಹೆರಿಗೆಯಾಯಿತು. ಹೆಣ್ಣುಮಗು. ಮಗು ಅತ್ತಿತು, ಕೆಳಗಿನ ಮೇಜುಗಳ ಗದ್ದಲ ಗಕ್ಕನೆ ನಿಂತಿತು. ಆದರೆ ಯೋರಿಂದೆಯ ರಕ್ತ ನಿಲ್ಲಲಿಲ್ಲ. ಬೌಕ್ಯೆಯವರ ಮುಖ ಬಿಳಿಚಿಕೊಂಡದ್ದನ್ನು ನಾನು ಅಂದೇ ಮೊದಲು ಕಂಡದ್ದು. ಅದೇ ಏಣಿ ಬಂತು, ಅದೇ ತೊಟ್ಟಿಲು ಬಂತು, ಅದೇ ಕಿಟಕಿಯಿಂದ ನನ್ನ ಹೆಂಡತಿ ಇಳಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎದ್ದು ಟೋಪಿ ತೆಗೆದು ದಾರಿ ಬಿಟ್ಟರು. ಇನ್ನು ಕಾಲು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು.

ತಾಯಿ, ಮಗಳು ನಿನ್ನೆ ಮನೆಗೆ ಬಂದರು. ಆದ್ದರಿಂದ ಮಾನ್ಯರೇ, ಕಿಟಕಿ ಮುಚ್ಚಲೇಬೇಕೆಂದಾದರೆ ಒಂದೇ ಒಂದು ಕೋರಿಕೆಯಿದೆ: ಆ ಗುರುವಾರದ ಮಧ್ಯಾಹ್ನವನ್ನೂ ಮೊದಲಿದ್ದಂತೆ ಮಾಡಿಕೊಡಬೇಕು. ತಾವು ಮತ್ತೆ ನಮ್ಮ ಬಾಗಿಲಲ್ಲಿ ಬಿದ್ದಿರಬೇಕು, ಕಿಟಕಿ ಮುಚ್ಚಿರಬೇಕು, ಅದನ್ನು ತೆರೆಯಲು ತಾವೇ ಹಾಕುವ ಅರ್ಜಿಗೆ ಹದಿನಾಲ್ಕು ವಾರದ ಬಳಿಕ ಉತ್ತರ ಬರಬೇಕು. ಅಲ್ಲಿಯವರೆಗೆ ಯೋರಿಂದೆ ಕಾಫಿ ಕೊಡುತ್ತಾಳೆ. ಅದು ಆಗದಿದ್ದರೆ ಕಿಟಕಿ ತೆರೆದೇ ಇರುತ್ತದೆ. ಇದು ಅರ್ಜಿಯಲ್ಲ.

ತಮ್ಮ ವಿಶ್ವಾಸಿ, ತಮ್ಮ ಜಾರುವಿಕೆಗೆ ಆಜನ್ಮ ಋಣಿ,
ಸೀಬ್ರೆನ್ ಹೂಕ್ಸ್ತ್ರಾ

ತಾ.ಕ.: ಮಗು ಹುಟ್ಟಿದ ಮನೆಯಲ್ಲಿ ಕೊಡುವ ಸೋಂಪಿನ ಸಕ್ಕರೆ ಹಾಕಿದ ರಸ್ಕು ತಮಗಾಗಿ ಎತ್ತಿಟ್ಟಿದೆ, ಒಂದಲ್ಲ, ಎರಡು. ತಮ್ಮ ಬೂಟುಗಳು ತಾವು ಬಿಟ್ಟಲ್ಲೇ, ಅಟ್ಟದ ಮೆಟ್ಟಿಲ ತುದಿಯಲ್ಲೇ ಇವೆ. ಇಂಥ ಮನೆಯಲ್ಲಿ ಯಾವುದನ್ನೂ ಕದಲಿಸಲು ನಮಗೆ ಧೈರ್ಯವಿಲ್ಲ. ಅವನ್ನು ಕೆಳಗಿಳಿಸಲು ಅನುಮತಿ ಕೋರಿ ಅರ್ಜಿ ಲಗತ್ತಿಸಿದ್ದೇನೆ, ನಿಧಾನವಾಗಿ ಪರಿಶೀಲಿಸಿ.