ಜೂನ್ ಒಂದರ ಬೋರ್ಡು

ಗೌನಿಪಲ್ಲಿ ಕಡೆಯ ಒಂದು ಹಳ್ಳಿಯ ಹೆಡ್‌ಮೇಷ್ಟ್ರು ಕೋದಂಡರಾಮಪ್ಪನವರು ತಾರೀಕುಗಳ ಚಕ್ರವರ್ತಿ! ಯಾವ ದಿನ ಯಾರು ಹುಟ್ಟಿದರು, ಯಾರು ಪಟ್ಟವೇರಿದರು, ಎಲ್ಲವೂ ನಾಲಿಗೆಯ ತುದಿಯಲ್ಲಿ. ೧೯೭೬ರ ಜೂನ್ ಒಂದು, ಶಾಲೆ ತೆರೆಯುವ ದಿನ, ಹೆಂಡತಿ ಶ್ಯಾಮಲಮ್ಮನೆದುರು ಘೋಷಿಸಿದರು: "ಇವತ್ತಿನ ಬೋರ್ಡು ನೋಡಿ ದಾರೀಲಿ ಹೋಗೋರು ಬೆರಗಾಗ್ಬೇಕು ಕಣೇ!"

ಶಾಲೆಯ ಕಪ್ಪುಹಲಗೆ ರಸ್ತೆಗೆ ಮುಖಮಾಡಿ ನಿಂತಿತು. ಮೇಲೆ ಡೆಕ್ಕನ್ ಕ್ವೀನ್ ರೈಲು ಮೊದಲು ಓಡಿದ ದಿನ, ನರ್ಗಿಸ್ ಹುಟ್ಟಿದ ದಿನ. ಕೆಳಗೆ, 'ಇದೇ ದಿನ ಹುಟ್ಟಿದ ನಮ್ಮೂರ ರತ್ನಗಳು: ಮೂವತ್ತೇಳು!' ತಂದೆಯ ಹೆಸರಿನ ಸಮೇತ. ಮೊದಲ ಮೂರು ರತ್ನಗಳು ಮೇಷ್ಟ್ರ ಮಕ್ಕಳೇ.

ಇದರ ಗುಟ್ಟು ಊರಿಗೆಲ್ಲ ಗೊತ್ತು. ಮಗುವನ್ನು ಶಾಲೆಗೆ ಸೇರಿಸಲು ಬಂದವರು "ಮಾವು ಉದುರೋ ಕಾಲ ಸಾರ್" ಎಂದರೂ, "ರಾಗಿ ಕೊಯ್ಲು ಸಾರ್" ಎಂದರೂ ಮೇಷ್ಟ್ರು ಬರೆಯುತ್ತಿದ್ದ ಜನ್ಮದಿನ ಜೂನ್ ಒಂದೇ!

"ಅಳಿಸ್ರೀ ಅದನ್ನ! ಶ್ರೀನಿವಾಸಪುರದಾಗೆ ಕುಟುಂಬ ಯೋಜನೆ ಆಪರೇಷನ್ ಕ್ಯಾಂಪು ನಡೀತೈತೆ. ಮೂರು ಮಕ್ಕಳಿರೋರ್ನ ಜೀಪಿಗೆ ಹತ್ತಿಸ್ಕೊಂಡು ಹೋಗ್ತಾವ್ರೆ. ಜೀಪು ಕಂಡ್ರೆ ಗಂಡಸರು ಮಾವಿನ ತೋಪಿಗೆ ಓಡ್ತಾವ್ರೆ," ಎಂದರು ಶ್ಯಾಮಲಮ್ಮ.

"ಚರಿತ್ರೆಗೆ ಭಯ ಇಲ್ಲ ಕಣೇ!"

ಹತ್ತು ಗಂಟೆಗೆ ಜೀಪು ಬಂತು. ಬೋರ್ಡಿನೆದುರು ಗಕ್ಕನೆ ನಿಂತಿತು. ಮೇಷ್ಟ್ರು ಪಕ್ಕದ ಮನೆಗೆ, ಅಂದರೆ ತಮ್ಮದೇ ಮನೆಗೆ ಓಡಿ, ಮಾವಿನ ಬುಟ್ಟಿಗಳ ಹಿಂದೆ ಕುಕ್ಕರಿಸಿದರು.

"ಒಂದೇ ದಿನ ಮೂವತ್ತೇಳಾ! ಯಾರ್ರೀ ಈ ಕೋದಂಡರಾಮಪ್ಪ? ಮೂರು ಮಕ್ಕಳ ತಂದೆ?" ಬಾಗಿಲಲ್ಲಿ ಕ್ಯಾಂಪಿನ ಡಾಕ್ಟರು ಗುಡುಗಿದರು.

"ಬುಟ್ಟಿ ಹಿಂದೆ ಅವ್ರೆ ಸಾರ್," ಎಂದರು ಶ್ಯಾಮಲಮ್ಮ.

ಮೇಷ್ಟ್ರು ಕೈಮುಗಿದುಕೊಂಡೇ ಎದ್ದರು. "ಸಾರ್, ಅದೆಲ್ಲ ನಾನೇ ಬರ್ದ ತಾರೀಕು! ನಿಜ ಅಲ್ಲ!"

"ಹಾಗಾದ್ರೆ ನಿಮ್ಮ ಮಕ್ಕಳು ಹುಟ್ಟಿದ ನಿಜವಾದ ತಾರೀಕು ಹೇಳಿ, ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಜೀಪು ಹತ್ತಿ!"

ಪಾಣಿಪತ್ತಿನ ಮೂರೂ ಯುದ್ಧಗಳ ತಾರೀಕು ನೆನಪಾದವು. ಮೂರು ಮಕ್ಕಳದು ಒಂದೂ ಬರಲಿಲ್ಲ! ಬೆವರು ಒರೆಸಿಕೊಳ್ಳುತ್ತ ಹೆಂಡತಿಯ ಕಡೆ ನೋಡಿದರು. "ನಿಂಗೆ ಗೊತ್ತಲ್ಲೇ, ಹೇಳೇ... ನಿನ್ ದಮ್ಮಯ್ಯ!"

"ಮೂರೂ ಗೊತ್ತು. ಮೊದ್ಲು ನಾನು ಹುಟ್ಟಿದ ದಿನ ನೀವು ಹೇಳ್ರೀ, ಆಮೇಲೆ ನಾನು ಹೇಳ್ತೀನಿ," ಎಂದು ಶ್ಯಾಮಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

ಮೇಷ್ಟ್ರು ಜೀಪಿನ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯಲಿಲ್ಲ.

"ಜೂನ್... ಒಂದು?" ಎಂದರು ಮೆಲ್ಲಗೆ.

ಶ್ಯಾಮಲಮ್ಮ ತಾವೇ ಹೋಗಿ ಜೀಪಿನ ಬಾಗಿಲು ತೆರೆದರು.