ಭಾವನವರ ನಾಲ್ಕು ಉಪಗ್ರಹಗಳು

ನಮ್ಮ ಭಾವನವರಿಗೆ ಮನೆಬಾಗಿಲಿನಿಂದ ಅಂಚೆಪೆಟ್ಟಿಗೆಯವರೆಗೆ ಹೋಗಿಬರಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು! ಮೂರೇ ಸಿಕ್ಕ ದಿನ ಅಂಚೆ ಅಲ್ಲೇ ಬಿದ್ದಿರುತ್ತದೆ. ಹುಬ್ಬಳ್ಳಿಯ ಓಣಿಗಳಲ್ಲಿ ಕಣ್ಣು ಮುಚ್ಚಿ ಸೈಕಲ್ ಹೊಡೆದ ಮನುಷ್ಯ, ಪರದೇಶದ ಫ್ರಿಸ್ಕೋ ಊರಿಗೆ ಬಂದ ಮೇಲೆ ಎಲ್ಲ ಮನೆಗಳೂ ಒಂದೇ ಅಚ್ಚಿನವೆಂದು ಹೆದರಿ, ಅಂಗೈಯಗಲದ ಜಿಪಿಎಸ್ ಯಂತ್ರವೊಂದನ್ನು ಕೊಂಡರು. ಅಂದಿನಿಂದ ಅದು ಅವರ ಕೊರಳಲ್ಲೇ ತೂಗುತ್ತದೆ.

"ಫೋನಿನಾಗ ಮ್ಯಾಪ್ ಅದ ಅಲ್ರಿ ಭಾವ?" ಎಂದರೆ, "ಟವರ್ ಬಿದ್ರ ನಿನ್ನ ಫೋನು ಮುಖ ನೋಡ್ಕೊಳ್ಳಿಕ್ಕಷ್ಟ!" ಎನ್ನುತ್ತಾರೆ.

ಒಮ್ಮೆ ಕ್ಯಾರಲ್ಟನ್ನಿನ ಅಂಗಡಿಗೆ ಹೋದಾಗ ಕಾರು ನಿಲ್ಲಿಸಿದ ಜಾಗವನ್ನು ಯಂತ್ರದಲ್ಲಿ ಗುರುತು ಹಾಕಿದರು. ಸೊಪ್ಪು ಕೊಂಡು ಹೊರಬಂದರೆ ಯಂತ್ರಕ್ಕೆ ಸಿಗ್ನಲ್ಲೇ ಇಲ್ಲ. ಉರಿಬಿಸಿಲಿನಲ್ಲಿ ಅದು ಆಕಾಶ ಹುಡುಕುತ್ತ ಕೂತಿತು, ನಾವು ನಿಂತೆವು.

"ಅಗೋ, ಕಾರು ಎದುರಿಗೇ ಅದ ಅಲ್ರೀ!" ಎಂದಳು ಅಕ್ಕ.

"ತಡೀ, ಇನ್ನೂ ಖಾತ್ರಿ ಆಗಿಲ್ಲ!"

ಖಾತ್ರಿಯಾಗುವಷ್ಟರಲ್ಲಿ ಮೆಂತ್ಯ ಸೊಪ್ಪು ಬಾಡಿ ಬತ್ತಿಯಾಗಿತ್ತು.

ಈ ಚಳಿಗಾಲ ಅಕ್ಕ ಮಗಳ ಬಾಣಂತನಕ್ಕೆಂದು ದೂರ ದಕ್ಷಿಣದ ಪೇರ್ಲ್ಯಾಂಡಿಗೆ ಹೋದಳು. ಭಾವ ಒಬ್ಬರೇ ಇದ್ದಾರಲ್ಲ ಎಂದು ನಾನು ಆಸ್ಟಿನ್‌ನಿಂದ ಬಂದೆ. ನನ್ನ ಹಿಂದೆಯೇ ಹಿಮಗಾಳಿಯೂ ಬಂತು. ರಸ್ತೆಗಳೆಲ್ಲ ಮಂಜುಗಡ್ಡೆ! ಕರೆಂಟು ಹೋಯಿತು, ಮರುದಿನ ಫೋನೂ ಸತ್ತಿತು. ಅಕ್ಕ ಹೇಗಿದ್ದಾಳೋ, ಹಸುಗೂಸು ಹೇಗಿದೆಯೋ, ಒಂದು ಸುದ್ದಿಯೂ ಇಲ್ಲ. ನನ್ನ ಜೀವ ಹೊಯ್ದಾಡುತ್ತಿತ್ತು. ಭಾವನೋ?

"ಅಕಿ ಇಲ್ಲ ಅಂದ್ರ ಮನಿ ಎಷ್ಟ್ ಶಾಂತ ಅದ ನೋಡು!" ಎಂದು ಬೆಂಕಿಕಡ್ಡಿ ಗೀರಿ, ಗ್ಯಾಸ್ ಹಚ್ಚಿ, ಚಹಾ ಮಾಡಿದರು. ಮೂರು ಕಪ್ಪು. ನಾವಿದ್ದದ್ದು ಇಬ್ಬರು.

ಅವರ ಚಿಂತೆಯೆಲ್ಲ ಯಂತ್ರದ್ದೇ. ಚಳಿಗೆ ಸೆಲ್ಲುಗಳು ಬೇಗ ಸಾಯುತ್ತವೆಂದು ಅವನ್ನು ಬನಿಯನ್ನಿನೊಳಗೆ ಎದೆಗವಚಿಕೊಂಡರು. ಪರದೆ ಮಂಕಾಯಿತೆಂದು ಉಸಿರು ಊದಿದರು. ಕೊನೆಗೆ, ಅಕ್ಕ ಮೊಮ್ಮಗನಿಗೆಂದು ಹೊಲಿದು ಮರೆತುಹೋಗಿದ್ದ ಕುಂಚಿಗೆಯನ್ನು ಅದಕ್ಕೆ ತೊಡಿಸಿದರು!

"ಭಾವ, ಅದು ಕೂಸಿನ ಕುಂಚಿಗಿ!"

"ಇದಕ್ಕೂ ಥಂಡಿ ಆಗ್ತದೋ!"

ಮಧ್ಯಾಹ್ನ ನೋಡಿದರೆ ಆಸಾಮಿ ಮನೆಯಲ್ಲಿಲ್ಲ. ಹೊರಗೆ, ಮಂಜುಗಡ್ಡೆ ಕಟ್ಟಿದ ಬೀದಿಯಲ್ಲಿ, ಯಂತ್ರ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾರೆ. ಎದುರುಮನೆಯವರು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದಾರೆ. ನಗು, ಸಿಟ್ಟು ಎರಡೂ ಬಂದವು. ಜಾರುತ್ತ, ಏಳುತ್ತ ಓಡಿದೆ.

"ನಿಂದರ್ರಿ ಭಾವ! ಬಿದ್ದು ಸೊಂಟ ಮುರಕೋತೀರಿ!"

"ನಿಂತ್ರ ಬಾಣ ದಿಕ್ಕು ತಪ್ಪತದೋ. ಹಳೇ ಯಂತ್ರ. ನಡದ್ರ ಅಷ್ಟ ತೋರಸ್ತದ."

"ಏನ್ ತೋರಸ್ತದ?"

ಅವರು ಪರದೆಯನ್ನು ನನ್ನತ್ತ ತಿರುಗಿಸಿದರು. ಮಗಳ ಮನೆಯ ಗುರುತಿಗೆ ಅಕ್ಕನ ಹೆಸರಿಟ್ಟಿದ್ದರು, ಅದರ ಕೆಳಗೆ ಇನ್ನೂರೈವತ್ತಕ್ಕೂ ಹೆಚ್ಚು ಮೈಲಿ. ಬಾಣ ದಕ್ಷಿಣಕ್ಕಿತ್ತು.

"ಎರಡು ದಿನ ಆತು, ಅಕಿ ದನಿ ಕೇಳಿಲ್ಲ," ಎಂದರು. ಕೈಗವಸಿಲ್ಲದ ಬೆರಳುಗಳು ನೀಲಿಯಾಗಿದ್ದವು. "ಎಲ್ಲಿದ್ದಾಳಂತನಾದ್ರೂ ಗೊತ್ತಾಗ್ಲಿ ಅಂತ."

ನಾವು ನಿಂತೇ ಇದ್ದೆವು. ಬಾಣ ಒಂದು ಸಲ ಹೊಯ್ದಾಡಿ ಪಕ್ಕದ ಮನೆಯ ಗ್ಯಾರೇಜಿನತ್ತ ತಿರುಗಿತು. ಭಾವನ ಮುಖ ಸಣ್ಣದಾಯಿತು.

ನಾನು ಅವರ ತೋಳು ಹಿಡಿದುಕೊಂಡೆ. "ನಡೀರಿ ಭಾವ," ಎಂದೆ, "ಇನ್ನೊಂದು ಸುತ್ತು ಹಾಕೋಣ."