ಇನ್ನೂರ ಹನ್ನೆರಡು ಜಾಡಿ ಹೊತ್ತ ಒಂದು ಟನ್ನಿನ ಗಾಡಿ

ನನ್ನ ಹುಟ್ಟುಹಬ್ಬ ಯಾವ ತಿಂಗಳಲ್ಲಿ ಬರುತ್ತದೆಂಬುದು ನನ್ನ ಗಂಡ ಹಾರ್ಲನ್‌ಗೆ ಮದುವೆಯಾದ ಐವತ್ತೊಂದು ವರ್ಷದಲ್ಲಿ ಒಮ್ಮೆಯೂ ನೆನಪಿದ್ದಿಲ್ಲ. ಹಾಗಾಗಿ ಅವನಿಗೆ ಮರೆವಿನ ಕಾಯಿಲೆ ಶುರುವಾದದ್ದು ನನಗೆ ಒಂದು ವರ್ಷ ತಡವಾಗಿ ತಿಳಿಯಿತು. ಬೇರೆ ಹೆಂಗಸರಿಗೆ ಈ ಅನ್ಯಾಯವಾಗುವುದಿಲ್ಲ. ಅವರ ಗಂಡಂದಿರು ಮೊದಲು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದು ಆಮೇಲೆ ಮರೆಯುತ್ತಾರೆ. ವ್ಯತ್ಯಾಸ ಗೊತ್ತಾಗುತ್ತದೆ.

ಮಾರ್ಚಿನಲ್ಲಿ ಪಟ್ಟಣದ ಡಾಕ್ಟರಮ್ಮ ಪರೀಕ್ಷೆಯನ್ನೆಲ್ಲ ಮುಗಿಸಿ, "ಈ ಬೇಸಿಗೆ ಚೆನ್ನಾಗಿರ್ತಾರೆ. ಮುಂದಿನ ಬೇಸಿಗೆ ಬಗ್ಗೆ ನಾನು ಮಾತು ಕೊಡಲಾರೆ" ಎಂದರು. ನನ್ನ ಕೈಗೆ ಅಂಗೈಯಗಲದ ನೋಟ್‌ಬುಕ್ ಒಂದನ್ನು ಕೊಟ್ಟು, "ಇವರು ಸಂಬಂಧವಿಲ್ಲದ ಹಾಗೆ ಏನಾದರೂ ಮಾತಾಡಿದರೆ ಇದರಲ್ಲಿ ಬರೆದಿಡಿ, ಆರ್ಡಿತ್. ಆಗಸ್ಟಿನಲ್ಲಿ ತಂದುಕೊಡಿ. ಇವರು ಗಾಡಿ ಓಡಿಸಬಹುದೋ ಬೇಡವೋ ಆಗ ನೋಡೋಣ" ಎಂದರು.

ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬರೆಯುವುದು ಕಷ್ಟ. ಆದರೆ ಕೇಳಿಸಿಕೊಳ್ಳುವುದರಲ್ಲಿ ನಾನು ಪಂಡಿತೆ. ನಲವತ್ತು ವರ್ಷ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಕೂತ ಗೋಧಿ ಬೆಳೆಯುವ ಗಂಡಸರಿಗೆ ಕಾಫಿ ಬಗ್ಗಿಸುತ್ತ, ಯಾವ ಗಾಡಿಯ ಅಚ್ಚು ಯಾವ ವರ್ಷ ಮುರಿಯಿತು ಎಂಬುದನ್ನೆಲ್ಲ ಕಿವಿಗೆ ಹಾಕಿಕೊಂಡವಳು. ಈ ಮೊಂಟಾನಾ ಬಯಲಿನಲ್ಲಿ ನನಗೆ ಕೇಳಿಸದ ಮಾತಿಲ್ಲ ಎಂದು ನನಗೊಂದು ಜಂಬವಿತ್ತು. (ಇತ್ತು ಎಂದೇ ಬರೆದಿದ್ದೇನೆ, ಗಮನಿಸಿ.)

ಮನೆಗೆ ಬರುವ ದಾರಿಯಲ್ಲಿ ಇಪ್ಪತ್ತು ಮೈಲಿ ದಾಟಿದ ಮೇಲೆ ಹಾರ್ಲನ್, "ಸಮುದ್ರ" ಎಂದ.

ಮದುವೆಯ ದಿನ ನನಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಪಡುವಣ ದಿಕ್ಕಿಗೆ ಎರಡು ದಿನದ ದಾರಿ, ಅಷ್ಟೇ. ಆದರೆ ಒಂದು ವರ್ಷ ಬಿತ್ತನೆ, ಒಂದು ವರ್ಷ ಆಲಿಕಲ್ಲು, ಒಂದು ವರ್ಷ ಕೊಯ್ಲಿನ ಯಂತ್ರ ಕೆಟ್ಟಿತು. ಹೀಗೆ ಐವತ್ತು ಬೇಸಿಗೆಗಳನ್ನು ಗೋಧಿ ಮೇದುಬಿಟ್ಟಿತು. ಈಗ ಹೊಲವನ್ನು ಪಕ್ಕದವರು ಮಾಡುತ್ತಾರೆ. ಉಳಿದದ್ದು ಒಂದೇ ಬೇಸಿಗೆ.

"ಹೋಟೆಲಲ್ಲಿ ಉಳ್ಕೊಳ್ಳೋಣ" ಎಂದೆ.

"ದಿನಕ್ಕೊಂದು ರೂಮು. ಎದ್ದಾಗ ಬಾಗಿಲು ದಿನಕ್ಕೊಂದು ಕಡೆ ಇರುತ್ತೆ, ಆರ್ಡಿ. ನಂಗಾಗಲ್ಲ."

ಅವನು ಹೆದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲು ಒಂದೇ ಕಡೆ ಇರಬೇಕಾದರೆ ಮನೆಯೇ ಜೊತೆಗೆ ಬರಬೇಕು. ಹಾಗಾಗಿ ಅವನು ಮರುವಾರ ಹರಾಜಿನಲ್ಲಿ ಒಂದು ಕ್ಯಾಂಪರ್ ಹಿಡಿದುಕೊಂಡು ಬಂದ. ಹಾಸಿಗೆ, ಒಲೆ, ಎರಡು ಬೆಂಚು, ಕೈ ಚಾಚಿದರೆ ಸಿಗುವ ಪಾಯಿಖಾನೆ ಎಲ್ಲ ಇರುವ ಪೆಟ್ಟಿಗೆ. ಗಾಡಿಯ ಬೆನ್ನಿನ ಮೇಲೆ ಕೂರಿಸುವಂಥದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ಅದನ್ನು ಹೊರುವ ಗಾಡಿಯೇ ನಮ್ಮಲ್ಲಿರಲಿಲ್ಲ. ಹಳೆಯ ಪಿಕಪ್ಪಿನ ಮೇಲೆ ಇಳಿಸಿ ನೋಡಿದೆವು. ಗಾಡಿ ನಾಯಿ ಕೂತ ಹಾಗೆ ಹಿಂಬದಿ ಊರಿ ಮೂತಿಯನ್ನು ಆಕಾಶಕ್ಕೆತ್ತಿತು. ಪಕ್ಕದ ಹೊಲದವನು ಟ್ರಾಕ್ಟರ್ ನಿಲ್ಲಿಸಿ, ಟೋಪಿ ತೆಗೆದು, ಸತ್ತವರಿಗೆ ತೋರಿಸುವ ಗೌರವ ತೋರಿಸಿ ಮುಂದೆ ಹೋದ.

ಸರಿ, ಗಾಡಿ ಆರಿಸುವ ಮಹಾಪರ್ವ ಆರಂಭವಾಯಿತು.

ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಈ ಗಾಡಿಗಳಿಗೆ ಹೆಸರು. ಹೆಸರಿಗೂ ಹೊರುವ ಭಾರಕ್ಕೂ ಸಂಬಂಧವಿಲ್ಲ. (ಇಗರ್ಜಿಯಲ್ಲಿ ನಮ್ಮ ಮುಂದಿನ ಸಾಲಿನಲ್ಲಿ ಕೂರುವ ಆನೆಯಂಥ ಮನುಷ್ಯನನ್ನು ಊರೆಲ್ಲ ಕಡ್ಡಿ ಎನ್ನುವ ಹಾಗೆ.) ಗಾಡಿ ಮಾರುವ ಡುವೇನ್ ಎಂಬಾತ ಮುಕ್ಕಾಲು ಟನ್ನಿನದನ್ನು ತೋರಿಸಿ, "ಧಾರಾಳವಾಗಿ ಸಾಕು ಸಾರ್" ಎಂದ.

ಹಾರ್ಲನ್ ಬಾಗಿಲು ತೆಗೆದು, ಚೌಕಟ್ಟಿಗೆ ಅಂಟಿಸಿದ್ದ ಭಾರದ ಚೀಟಿ ಓದಿ ಬಾಗಿಲು ಮುಚ್ಚಿದ. "ಕ್ಯಾಂಪರ್ ಏರಿ, ನೀರು ತುಂಬಿ, ಇವಳು ಹತ್ತಿ ಕೂತರೆ ಇದರ ಕಥೆ ಮುಗೀತು."

"ನಾನು ಹತ್ತಿ ಕೂತರೆ ಅಂದ್ರೆ?" ಎಂದೆ.

"ನೀನು ಹತ್ತಿ ಕೂರಲ್ವಾ?"

"ಕೂರ್ತೀನಿ. ಅದನ್ನ ಹೇಳೋ ರೀತಿ ಅಂತ ಒಂದಿದೆ."

ಡುವೇನ್ ಒಂದು ಟನ್ನಿನದರ ಬಳಿಗೆ ಕರೆದುಕೊಂಡು ಹೋದ. ಹಿಂದೆ ಒಂದೊಂದು ಬದಿಗೆ ಎರಡೆರಡು ಚಕ್ರ. ನಮ್ಮಮ್ಮನ ಸೊಂಟದ ಹಾಗೆ ಎರಡೂ ಕಡೆ ಉಬ್ಬಿಕೊಂಡಿತ್ತು. ಹಾರ್ಲನ್ ಅದರ ಕೆಳಗೆ ಮಲಗಿ ಭಾರ ತಾಳುವ ಸ್ಪ್ರಿಂಗ್ ಪಟ್ಟಿಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿದ. ಬೆಳಿಗ್ಗೆ ನಮ್ಮ ನಾಯಿಯ ಹೆಸರು ಮರೆತು ಅದನ್ನು 'ನೀವು' ಎಂದು ಕರೆದವನು, ಸಾವಿರದ ಒಂಬೈನೂರ ಅರವತ್ತೆಂಟರಿಂದ ಈಚೆಗೆ ಯಾವ ಗಾಡಿಗೆ ಎಷ್ಟು ಪಟ್ಟಿ ಎಂಬುದನ್ನು ನೆಲದ ಮೇಲೆ ಮಲಗಿಕೊಂಡೇ ಡುವೇನ್‌ಗೆ ಪಾಠ ಒಪ್ಪಿಸಿದ. ಆಮೇಲೆ ಎದ್ದು ಧೂಳು ಕೊಡವಿಕೊಂಡು ಕೇಳಿದ:

"ಐದಡಿ ಒಂದಂಗುಲ ಇರೋರಿಗೆ ಇದರ ಬ್ರೇಕು ಕಾಲಿಗೆ ಎಟಕುತ್ತಾ?"

ಹಾರ್ಲನ್ ಆರಡಿ ಎರಡಂಗುಲ. ಡುವೇನ್ ಅವನನ್ನು ಮೇಲಿಂದ ಕೆಳಗೆ ನೋಡಿ, ನನ್ನನ್ನು ನೋಡಿ, ಪಾಪ ಎಂಬಂತೆ, "ಸೀಟು ಮೇಲೆ ಕೆಳಗೆ ಮಾಡ್ಕೋಬಹುದು ಸಾರ್" ಎಂದ.

ನಾನು ಅಂಗಡಿಯ ಹೆಂಗಸರ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ ಬಿಟ್ಟು, ಸ್ವಲ್ಪ ಹೊತ್ತು ಅತ್ತೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದೆ: 'ತನ್ನ ಎತ್ತರ ಎಷ್ಟೆಂದು ಮರೆತಿದ್ದಾನೆ.'

ಹೊರಗೆ ಬಂದರೆ ಅವನು, "ಎಡಗೈ ಮಣಿಕಟ್ಟು ಮುರಿದು ಕೂಡಿಸಿದ್ದರೆ ಈ ಸ್ಟೇರಿಂಗ್ ತಿರುಗಿಸಬಹುದಾ?" ಎನ್ನುತ್ತಿದ್ದ. ಅವನ ಮಣಿಕಟ್ಟುಗಳು ಕಬ್ಬಿಣದ ಹಾಗಿವೆ. ಅದನ್ನೂ ಬರೆದೆ.

ನಮ್ಮ ಕಡೆ ಬೇಸಿಗೆ ಶುರುವಾಗುವ ಜೂನಿನಲ್ಲಿ ಒಂದು ಟನ್ನಿನ ಗಾಡಿ ಮನೆಗೆ ಬಂತು, ಕ್ಯಾಂಪರ್ ಅದರ ಬೆನ್ನೇರಿತು. ಇನ್ನು ನನ್ನ ಪಾಲಿನ ಅಪರಾಧ.

ನಾನು ಹಣ್ಣು, ತರಕಾರಿ, ಮಾಂಸ ಬೇಯಿಸಿ ಗಾಜಿನ ಜಾಡಿಗಳಲ್ಲಿ ಮುಚ್ಚಿಡುವವಳು. ನಮ್ಮ ಕಡೆ ಹೆಂಗಸಿನ ಯೋಗ್ಯತೆಯನ್ನು ನೆಲಮಾಳಿಗೆಯ ಜಾಡಿ ಎಣಿಸಿ ಹೇಳುತ್ತಾರೆ. ಪ್ಲಮ್, ಪೀಚ್, ಬೀಟ್ರೂಟ್, ಸೌತೆಕಾಯಿ ಉಪ್ಪಿನಕಾಯಿ, ಜಿಂಕೆ ಮಾಂಸ. ಬೇರೆ ಯಾರೋ ಡಬ್ಬಿಗೆ ತುಂಬಿದ ಪೀಚ್ ತಿಂದುಕೊಂಡು ಸಮುದ್ರ ನೋಡುವ ಗತಿ ನನಗೆ ಬಂದಿರಲಿಲ್ಲ. ಹಾಸಿಗೆಯ ಕೆಳಗೆ, ಬೆಂಚುಗಳೊಳಗೆ, ಪಾಯಿಖಾನೆಯ ಹಿಂದಿನ ಸಂದಿಯಲ್ಲಿ ಒಂದೊಂದನ್ನೂ ಹಳೆಯ ಟವೆಲಿನಲ್ಲಿ ಸುತ್ತಿ ಬಚ್ಚಿಟ್ಟೆ. ನಿಜ ಹೇಳಿದರೆ ಅದು ಜಂಬವೊಂದೇ ಅಲ್ಲ. ಅವನು ನನ್ನ ಮುಖವನ್ನೇ ಮರೆತರೂ ನಾಲಿಗೆ ಪೀಚಿನ ರುಚಿಯಲ್ಲಿ ನನ್ನನ್ನು ಹಿಡಿದೀತು ಎಂದೊಂದು ಆಸೆ. ನಾಲಿಗೆಗೆ ಡಾಕ್ಟರ ಪರೀಕ್ಷೆ ಇಲ್ಲವಲ್ಲ.

ಮರುದಿನ ಹಾರ್ಲನ್ ಟೇಪು ಹಿಡಿದು ಗಾಡಿಯ ಹಿಂಬದಿ ಅಳೆದ. "ಎರಡಂಗುಲ ಇಳಿದಿದೆ."

"ಹೌದಾ" ಎಂದೆ, ಆಲೂಗಡ್ಡೆ ಸುಲಿಯುತ್ತ.

"ಸ್ಪ್ರಿಂಗ್ ಸಾಲದು."

"ಇದ್ದೀತು" ಎಂದೆ.

ಗಾಳಿ ತುಂಬುವ ರಬ್ಬರ್ ಚೀಲಗಳನ್ನು ಅಚ್ಚಿನ ಮೇಲೆ ಕೂರಿಸಿದ. ಅದಕ್ಕೆ ಎರಡು ವಾರ. ಹಿಂಬದಿ ಎದ್ದಿತು, ಆದರೆ ತಿರುವಿನಲ್ಲಿ ಕುಡಿದವನ ಹಾಗೆ ತೂಗಾಡಿತು. ತೂಗಾಟ ತಡೆಯುವ ದಪ್ಪ ಸರಳು ತರಿಸಿದ. ಅದಕ್ಕೆ ಮೂರು ವಾರ. ಆಮೇಲೆ, "ರಸ್ತೆ ಕೆಟ್ಟಿದ್ದರೆ ಚೀಲ ನಂಬೋ ಹಾಗಿಲ್ಲ" ಎಂದು ಒಂದೊಂದು ಬದಿಗೆ ಒಂದೊಂದು ಪಟ್ಟಿ ಜಾಸ್ತಿ ಹಾಕಿಸಿದ. ಮತ್ತೆ ಎರಡು ವಾರ. ನಾನು ದಿನಾ ಬೆಳಿಗ್ಗೆ ಬಾಯಿ ತೆರೆಯುತ್ತಿದ್ದೆ: ಹಾರ್ಲನ್, ತಪ್ಪು ಸ್ಪ್ರಿಂಗಿನದಲ್ಲ, ಪ್ಲಮ್ಮಿನದು. ಮತ್ತೆ ಬಾಯಿ ಮುಚ್ಚಿಕೊಂಡು ಕಾಫಿ ಬಗ್ಗಿಸುತ್ತಿದ್ದೆ. ಹೀಗೆ ಗೋಧಿ ತಿಂದು ಬಿಟ್ಟಿದ್ದ ಒಂದೇ ಒಂದು ಬೇಸಿಗೆಯನ್ನು ನನ್ನ ಜಾಡಿಗಳು ತಿಂದವು.

ಆಗಸ್ಟಿನಲ್ಲಿ ನೋಟ್‌ಬುಕ್ಕನ್ನು ಡಾಕ್ಟರಮ್ಮನಿಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಹಾರ್ಲನ್, ಇನ್ನು ನೀವು ಗಾಡಿ ಓಡಿಸಬಾರದು" ಎಂದರು. ಅವನು ಜಗಳವಾಡುತ್ತಾನೆಂದು ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ. ಅವನು ಲೈಸೆನ್ಸನ್ನು ಜೇಬಿನಿಂದ ತೆಗೆದು, ಓದಿ ಮುಗಿಸಿದ ಪುಸ್ತಕವನ್ನು ವಾಪಸು ಕೊಡುವ ಹಾಗೆ ಮೇಜಿನ ಮೇಲಿಟ್ಟ. ಮುಗಿಯಿತು ಸಮುದ್ರ ಎಂದುಕೊಂಡೆ.

ಮರುದಿನ ಅವನು, "ಗಾಡಿ ತೂಕ ಹಾಕಿಸಬೇಕು" ಎಂದ.

"ಎಲ್ಲಿಗೂ ಹೋಗದ ಗಾಡಿಗೆ ತೂಕ ಯಾಕೆ, ಮಾರಾಯ?"

"ತೂಕ ನೋಡದೆ ಏನನ್ನಾದ್ರೂ ಹೊರಗೆ ಕಳಿಸಿದ್ದೀವಾ ನಾವು?"

ಅದು ನಿಜ. ನಮ್ಮ ಕಡೆ ಗಾಡಿ ಸಮೇತ ತೂಗುವ ಗೋಧಿ ಕಣಜದ ವೇಬ್ರಿಡ್ಜ್ ಏರದ ವಸ್ತುವಿಲ್ಲ. ಗೋಧಿ, ಹೋರಿ, ಒಮ್ಮೆ ಇಗರ್ಜಿಯ ಪಿಯಾನೊ. ಕಣಜ ನಮ್ಮ ಹೊಲದ ಅಂಚಿನಲ್ಲೇ ಇದೆ. ಅರ್ಧ ಮೈಲಿ ಹೊಲದ ದಾರಿಯಲ್ಲಿ ಹಾರ್ಲನ್ನೇ ಆಮೆಯ ಹಾಗೆ ಓಡಿಸಿಕೊಂಡು ಹೋದ. ಕಣಜದಲ್ಲಿ ತೂಕ ನೋಡುವ ಪಾಮರ್ ಕಿಟಕಿಯಿಂದ ಬಗ್ಗಿ ಕೂಗಿದ: "ಹನ್ನೆರಡು ಸಾವಿರದ ಎಂಟುನೂರ ನಲವತ್ತು ಪೌಂಡ್. ಒಳಗೆ ಏನಪ್ಪಾ ಇಟ್ಟಿದ್ದೀಯ, ಅಂಗಡಿ ಇಡ್ತೀಯಾ?"

"ಹಾರ್ಲನ್, ನಾನೊಂದು ಹೇಳಬೇಕು" ಎಂದೆ.

ಅವನು ಅಂಗಿಯ ಜೇಬಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟ. ಅವನ ದಪ್ಪ ಪೆನ್ಸಿಲಿನ ಅಕ್ಷರ. ಗಾಡಿ, ಕ್ಯಾಂಪರ್, ನೀರು, ನಾನು, ಆರ್ಡಿ. ಅದರ ಕೆಳಗೆ: ಜಾಡಿ ಇನ್ನೂರ ಹನ್ನೆರಡು, ಒಂದಕ್ಕೆ ಮೂರು ಪೌಂಡ್. ಕೂಡಿದರೆ ಹನ್ನೆರಡು ಸಾವಿರದ ಎಂಟುನೂರ ನಲವತ್ತು.

"ಯಾವಾಗ ನೋಡಿದೆ?"

"ಜೂನಲ್ಲೇ. ಮರೆತುಹೋಗುತ್ತೆ ಅಂತ ಬರ್ಕೊಂಡೆ."

"ಜಾಡಿ ಇಳಿಸು ಅಂತ ಒಂದು ಮಾತು ಹೇಳಿದ್ರೆ ಬೇಸಿಗೆ ಉಳೀತಿತ್ತಲ್ಲೋ."

"ಐವತ್ತು ವರ್ಷದಲ್ಲಿ ನಿನಗೆ ಏನನ್ನಾದ್ರೂ ಇಳಿಸು ಅಂತ ಹೇಳಿ ಗೆದ್ದಿದ್ದೀನಾ? ಸ್ಪ್ರಿಂಗ್ ಹಾಕೋದೇ ಸುಲಭ." ಅವನು ಗಾಡಿಯಿಂದ ಇಳಿದು, ಸುತ್ತು ಹಾಕಿ ಬಂದು ನನ್ನ ಕಡೆಯ ಬಾಗಿಲು ತೆರೆದ. "ಆ ಕಡೆ ಜರುಗು."

"ನಾನಾ? ಕೈ ಮುರಿದ ಮೇಲೆ ನಾನು ಓಡಿಸಿಯೇ ಇಲ್ಲ."

"ಅದಕ್ಕೇ ತಾನೆ ಸ್ಟೇರಿಂಗ್ ಕೇಳಿದ್ದು. ಮೂವತ್ತು ಕೊಯ್ಲು ಗೋಧಿ ಲಾರಿ ಓಡಿಸಿಕೊಂಡು ಇದೇ ತೂಕದ ಹಲಗೆ ಮೇಲೆ ತಂದು ನಿಲ್ಲಿಸಿದವಳು ನೀನು. ಬ್ರೇಕು ಎಟಕುತ್ತಾ ನೋಡು. ನಮ್ಮಿಬ್ಬರಲ್ಲಿ ಐದಡಿ ಒಂದಂಗುಲ ಯಾರು?"

ಎಟಕಿತು. ಎಡಗೈಯ ಒಂದೇ ಬೆರಳಿಗೆ ಸ್ಟೇರಿಂಗ್ ತಿರುಗಿತು. ಮೂರು ವರ್ಷದ ಹಿಂದೆ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡವಳು ನಾನಲ್ಲದೆ ಬೇರೆ ಯಾರು? ಡಾಕ್ಟರಮ್ಮನ ಕೈಯಲ್ಲಿರುವ ಆ ನೋಟ್‌ಬುಕ್ಕಿನ ಹದಿನೇಳು ಮರೆವುಗಳಲ್ಲಿ ಒಂಬತ್ತು ನನ್ನ ಅಳತೆಗಳು. ಕೇಳಿಸಿಕೊಳ್ಳುವುದರಲ್ಲಿ ಪಂಡಿತೆಯಂತೆ. ನಾನು ಆರು ತಿಂಗಳು ಅವನ ತಲೆ ಹೋಗುವುದನ್ನು ಬರೆದುಕೊಂಡೆ. ಅವನು ಅದೇ ಆರು ತಿಂಗಳು ಉಳಿದ ತಲೆಯಲ್ಲಿ ನನಗೊಂದು ಗಾಡಿ ಕಟ್ಟಿಕೊಂಡು ಕೂತಿದ್ದ.

ಸೆಪ್ಟೆಂಬರ್ ಮೊದಲ ವಾರ ಹೊರಟೆವು. ನಾನು ಓಡಿಸಿದೆ. ಎರಡು ದಿನದ ದಾರಿಗೆ ಐದು ದಿನ ಹಿಡಿಯಿತು. ದಾರಿಯುದ್ದಕ್ಕೂ ಅವನು ತೊಡೆಯ ಮೇಲೆ ಜಾಡಿ ಇಟ್ಟುಕೊಂಡು ಪೀಚ್ ತಿಂದ. ಬಾಗಿಲು ದಿನಾ ಒಂದೇ ಕಡೆ ಇತ್ತು. ಮೊದಲ ಮೂರು ದಿನ ನನ್ನನ್ನು ಆರ್ಡಿ ಎಂದ. ನಾಲ್ಕನೆಯ ದಿನ, "ಅಮ್ಮಾ, ಈ ಪೀಚ್ ಚೆನ್ನಾಗಿದೆ. ನಮ್ಮನೇಲೂ ಹೀಗೇ ಮಾಡ್ತಾರೆ" ಎಂದ. ನಾಲಿಗೆಯನ್ನು ನಂಬಿದ್ದಕ್ಕೆ ನನಗೆ ಸಿಕ್ಕಿದ್ದು ಅಷ್ಟು.

ಐದನೆಯ ದಿನ ಮಧ್ಯಾಹ್ನ ಗುಡ್ಡವಿಳಿದರೆ ಎದುರಿಗೆ ಸಮುದ್ರ. ಐವತ್ತೊಂದು ವರ್ಷದ ಸಮುದ್ರ. ಗಾಡಿ ನಿಲ್ಲಿಸಿದೆ. ಇಬ್ಬರೂ ಇಳಿದೆವು. ನಾನು ಅವನ ಕೈ ಹಿಡಿಯಲು ತಿರುಗಿದರೆ ಅವನಿಲ್ಲ.

ನೀರಿಗೆ ಬೆನ್ನು ಹಾಕಿ, ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಸ್ಪ್ರಿಂಗ್ ಪಟ್ಟಿಗಳನ್ನು ಬೆರಳಲ್ಲಿ ಎಣಿಸುತ್ತಿದ್ದ.

"ಯಾರದಮ್ಮಾ ಈ ಗಾಡಿ?"

"ನಂದೇ."

"ಗಂಡ ಆರಿಸಿದ್ದಾ?"

"ಹೌದು."

"ಬಲ್ಲವನು. ಒಂದು ಕೂದಲೆಳೆಯಷ್ಟೂ ಇಳಿದಿಲ್ಲ ನೋಡಿ." ಅವನು ಎದ್ದು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮರ್ಯಾದೆಯಿಂದ ದನಿ ತಗ್ಗಿಸಿದ. "ಆದ್ರೆ ಇಷ್ಟೊಂದು ಸ್ಪ್ರಿಂಗ್ ಯಾಕೆ ಹಾಕಿಸಿದ್ನೋ. ನೀವೇನೂ ಅಷ್ಟು ಭಾರ ಕಾಣಲ್ಲ."

ನಾನು ಒಳಗೆ ಹೋಗಿ ಇನ್ನೊಂದು ಜಾಡಿ ತೆರೆದೆ.